ಪಕ್ಕದ ಮನೆಯ ಒಂದು ಸಾಲು

ಒಂದೇ ವಸ್ತು ಎರಡು ಕಡೆ ಇದ್ದರೆ ನನಗೆ ಸಮಾಧಾನವಿರುವುದಿಲ್ಲ. ಇದನ್ನು ಬಹಳ ವರ್ಷ ಗುಣವೆಂದೇ ನಂಬಿದ್ದೆ. ಈಚೆಗೆ ಸ್ವಲ್ಪ ಅನುಮಾನ ಬಂದಿದೆ. ಚಾಮರಾಜಪುರಂನ ನಮ್ಮ ಮನೆಯಲ್ಲಿರುವ ಎಲ್ಲ ಸಾಮಾನಿಗೂ ಒಂದು ರಿಜಿಸ್ಟರು ಇಟ್ಟಿದ್ದೇನೆ. ಅದರ ಪ್ರಕಾರ ನಮ್ಮ ಮನೆಯಲ್ಲಿ ಕತ್ತರಿ ಒಂದೇ. ಅದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿರುತ್ತದೆ. ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸಬೇಕಾದವರು ಹನ್ನೊಂದು ಹೆಜ್ಜೆ ನಡೆದು ಬಂದು ಕತ್ತರಿ ತೆಗೆದುಕೊಂಡು ಹೋಗಬೇಕು, ಕೆಲಸವಾದ ಮೇಲೆ ಮತ್ತೆ ಹನ್ನೊಂದು ಹೆಜ್ಜೆ ನಡೆದು ಅದನ್ನು ಅದರ ಜಾಗದಲ್ಲಿ ಇಡಬೇಕು. ನನ್ನ ಹೆಂಡತಿ ಸರೋಜಾ ಈ ಪದ್ಧತಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದೂರಿದವಳಲ್ಲ. ಅವಳೂ ಶಿಸ್ತನ್ನು ಮೆಚ್ಚಿಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ದೂರು ಹೇಳದಿರುವುದಕ್ಕೆ ಬೇರೆ ಕಾರಣವಿತ್ತು. ಅದನ್ನು ಅದರ ಸರದಿ ಬಂದಾಗ ಹೇಳುತ್ತೇನೆ.

ಈ ಸ್ವಭಾವ ನನಗೆ ನೌಕರಿಯಿಂದ ಬಂದದ್ದು. ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಹರಿವನ್ನು ಪರೀಕ್ಷಿಸುವ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿತ್ತು. ಗಾಜಿನ ಗೋಡೆಯ ಒಂದು ಉದ್ದನೆಯ ಕಾಲುವೆ, ಎರಡು ಪಂಪು, ಒಂದು ತೊಟ್ಟಿ, ಮತ್ತು ಸ್ಪ್ಯಾನರಿನಿಂದ ಹಿಡಿದು ಮಗ್ಗಿನವರೆಗೆ ಪ್ರತಿಯೊಂದಕ್ಕೂ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲು. ಒಂದು ವರ್ಷ ತಪಾಸಣೆಯ ಹೊತ್ತಿಗೆ ಒಂದೇ ನಂಬರಿನ ಎರಡು ಸ್ಪ್ಯಾನರು ಕಂಡವು. ಕಡಿಮೆಯಾಗಿದ್ದರೆ ಯಾರಾದರೂ ಒಯ್ದರು ಎಂದು ಬರೆಯಬಹುದು. ಹೆಚ್ಚಾದದ್ದಕ್ಕೆ ಏನೆಂದು ಬರೆಯುವುದು? ಮೂರು ದಿನ ಒಂದೊಂದು ವಿಭಾಗಕ್ಕೂ ಹೋಗಿ, ಅದು ಯಾರದೆಂದು ಪತ್ತೆ ಮಾಡಿ, ರಸೀದಿ ಪಡೆದು ಹಿಂದಿರುಗಿಸಿ ಬಂದೆ. ಆಗ ಹುಡುಗರಿಗೆ ನೀರಿನ ಹರಿವನ್ನು ಕಣ್ಣಿಗೆ ಕಾಣಿಸಲು ನಮ್ಮಲ್ಲಿದ್ದ ಉಪಾಯ ಒಂದೇ: ಪೊಟ್ಯಾಷಿಯಂ ಪರ್ಮಾಂಗನೇಟಿನ ದ್ರಾವಣವನ್ನು ಸೂಜಿಯಂಥ ಕೊಳವೆಯಿಂದ ಹರಿಯುವ ನೀರಿಗೆ ಬಿಡುವುದು. ನೇರಳೆ ಬಣ್ಣದ ಎಳೆಯೊಂದು ಗಾಜಿನ ಹಿಂದೆ ಉದ್ದಕ್ಕೂ ಹೋಗಿ, ತೂಬಿನ ಕೆಳಗೆ ಸುಳಿಗೆ ಸಿಕ್ಕಿ, ಮೂರು ಸುತ್ತು ತಿರುಗಿ ಕರಗಿಹೋಗುತ್ತಿತ್ತು. ಹುಡುಗರು ಅದನ್ನು ನೋಡುತ್ತಿದ್ದರು. ನಾನು ಅವರ ಅಂಗಿಗಳನ್ನು ನೋಡುತ್ತಿದ್ದೆ.

ನಿವೃತ್ತಿಯಾದ ಮರುದಿನವೇ ಮನೆಯ ಮುಂದಿನ ಅಂಗಳ ಗುಡಿಸುವ ಕೆಲಸವನ್ನು ಸರೋಜಾಳಿಂದ ವಹಿಸಿಕೊಂಡೆ. ಬೆಳಿಗ್ಗೆ ಐದಕ್ಕೆ ಏಳುವುದು, ಐದು ನಲವತ್ತಕ್ಕೆ ಕಾಫಿ, ಆರು ಹತ್ತಕ್ಕೆ ಪೊರಕೆ. ನಮ್ಮ ಮನೆಗೂ ಪಕ್ಕದ ಮಾದೇಗೌಡರ ಮನೆಗೂ ನಡುವೆ, ರಸ್ತೆಯ ಅಂಚಿನಲ್ಲಿ, ಒಂದು ಹೊಂಗೆಮರವಿದೆ. ಅದು ಎಲೆ ಉದುರಿಸುವಾಗ ಎರಡು ಮನೆಗೂ ಸಮನಾಗಿ ಉದುರಿಸುತ್ತದೆ. ನಾನೂ ಅಷ್ಟೇ ನ್ಯಾಯವಾಗಿ, ಕಾಂಪೌಂಡಿನ ಗೋಡೆ ಎಲ್ಲಿಗೆ ಮುಗಿಯುತ್ತದೋ ಅದರ ನೇರಕ್ಕೆ ಗುಡಿಸಿ ನಿಲ್ಲಿಸುತ್ತಿದ್ದೆ. ಮಾದೇಗೌಡರು ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು. ಅವರೂ ಬೆಳಿಗ್ಗೆ ಗುಡಿಸುತ್ತಾರೆ. ಕೆಲವು ದಿನಗಳ ಮೇಲೆ ಅವರೂ ನನ್ನ ಹಾಗೆ ಗೋಡೆಯ ನೇರಕ್ಕೆ ನಿಲ್ಲಿಸತೊಡಗಿದರು. ಒಳ್ಳೆಯ ಪದ್ಧತಿ ಪಕ್ಕದ ಮನೆಗೂ ಹಬ್ಬಿತಲ್ಲ ಎಂದು ನಾನು ಸಂತೋಷಪಟ್ಟೆ.

ಹೀಗಿರುವಾಗ ಕಾಲೇಜಿನಿಂದ ಕರೆ ಬಂತು. ಈಗ ಅಲ್ಲಿ ಪ್ರೊಫೆಸರ್ ಆಗಿರುವವರು ಒಂದು ಕಾಲಕ್ಕೆ ನನ್ನ ಪ್ರಯೋಗಾಲಯದಲ್ಲಿ ಪರ್ಮಾಂಗನೇಟಿನಿಂದ ಅಂಗಿ ಹಾಳು ಮಾಡಿಕೊಂಡವರು. “ಸರ್, ನಿಮ್ಮ ಲ್ಯಾಬಿನಲ್ಲಿ ಈಗ ಕಂಪ್ಯೂಟರ್ ಇಟ್ಟಿದ್ದೇವೆ. ನೋಡಿಕೊಳ್ಳುವವರಿಲ್ಲ. ವಾರಕ್ಕೆ ಮೂರು ದಿನ ಬಂದುಹೋದರೆ ಸಾಕು” ಎಂದರು. ಸೋಮವಾರ, ಬುಧವಾರ, ಶುಕ್ರವಾರ ಎಂದು ಗೊತ್ತು ಮಾಡಿಕೊಂಡು ಹೋದೆ. ಗಾಜಿನ ಕಾಲುವೆಯ ಮೇಲೆ ಹಲಗೆ ಹಾಸಿ, ಅದರ ಮೇಲೆ ಹನ್ನೆರಡು ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದರು. ಹದಿಮೂರನೆಯದು ಮೂಲೆಯಲ್ಲಿ, ದೊಡ್ಡ ಪರದೆಯೊಂದಿಗೆ. ಅದರ ಮುಂದೆ ಪವಿತ್ರಾ ಕೂತಿದ್ದಳು.

ಪವಿತ್ರಾ ಬನ್ನೂರಿನ ಕಡೆಯ ಹಳ್ಳಿಯವಳು. ಸಂಶೋಧನೆ ಮಾಡುತ್ತಾಳೆ, ಬೋಗಾದಿಯಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಅವಳ ತಂದೆ ನಾಲೆಯ ನೀರಗಂಟಿ. ಯಾರ ಗದ್ದೆಗೆ ಯಾವ ದಿನ ಎಷ್ಟು ನೀರು ಎಂದು ತೂಬು ತೆಗೆದು ಮುಚ್ಚುವ ಕೆಲಸ. ಅಂಥದೇ ಒಂದು ತೂಬಿನ ಕೆಳಗೆ ನೀರು ಹೇಗೆ ಸುಳಿಯುತ್ತದೆ, ನಾಲೆಯ ಏರಿಯನ್ನು ಎಲ್ಲಿ ಕೊರೆಯುತ್ತದೆ ಎಂಬುದನ್ನು ಮಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುತ್ತಿದ್ದಳು.

“ಅಲ್ಲಮ್ಮ, ಇದಕ್ಕೆ ಹನ್ನೆರಡು ಯಾಕೆ? ಒಂದು ದೊಡ್ಡದು ತರಿಸಿಬಿಡಬಹುದಿತ್ತಲ್ಲ” ಎಂದೆ.

“ತರಿಸ್ಬೋದು ಸರ್. ಕಾಲೇಜು ಮಾರ್ಬೇಕಾಗುತ್ತೆ” ಎಂದಳು. ಆಮೇಲೆ ಪಾಪ ಎನಿಸಿತೋ ಏನೋ, ಕುರ್ಚಿ ತಿರುಗಿಸಿ ವಿವರಿಸಿದಳು. “ನಾಲೇನ ಹನ್ನೆರಡು ತುಂಡು ಮಾಡಿದೀನಿ ಸರ್, ಮೂಲಂಗಿ ಹೆಚ್ಚಿದಂಗೆ. ಒಂದೊಂದು ತುಂಡಿನ ಲೆಕ್ಕ ಒಂದೊಂದು ಮೆಷಿನ್ದು.”

“ಆಮೇಲೆ ಎಲ್ಲಾ ಲೆಕ್ಕವನ್ನೂ ಒಂದು ಕಡೆ ತಂದು ಚಿತ್ರ ಬರೆಯುತ್ತೀಯ.”

“ತರೋಕಾಗಲ್ಲ ಸರ್. ಅಷ್ಟು ಒಂದೇ ಕಡೆ ಹಿಡಿಯಲ್ಲ. ಹಿಡಿದ್ರೂ ಈ ವೈರಲ್ಲಿ ಅದೆಲ್ಲಾ ಬರೋ ಹೊತ್ತಿಗೆ ನಂಗೆ ನಿಮ್ಮ ವಯಸ್ಸಾಗಿರುತ್ತೆ. ಲೆಕ್ಕ ಎಲ್ಲಿದ್ಯೋ ಚಿತ್ರಾನೂ ಅಲ್ಲೇ ಬರೀಬೇಕು. ಪ್ರತಿ ಮೆಷಿನ್ನೂ ತನ್ನ ತುಂಡಿನ ಚಿತ್ರ ಬರ್ದು ಕಳ್ಸುತ್ತೆ. ಈ ಮೂಲೇದು ಜೋಡ್ಸಿ ತೋರ್ಸುತ್ತೆ, ಅಷ್ಟೆ.”

ನೀರನ್ನು ಕಣ್ಣಿನ ಬಳಿಗೆ ತರುವುದನ್ನು ಬಿಟ್ಟು ಕಣ್ಣನ್ನೇ ನೀರಿನ ಬಳಿಗೆ ಕಳುಹಿಸುವ ಈ ಕ್ರಮ ನನಗೆ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅದರ ವ್ಯವಸ್ಥೆ. ಹನ್ನೆರಡು ನೌಕರರು, ಹನ್ನೆರಡು ಸರಹದ್ದು, ಯಾರೂ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಚೇರಿಗಳೆಲ್ಲ ಹೀಗೆ ನಡೆದಿದ್ದರೆ ದೇಶ ಎಲ್ಲೋ ಇರುತ್ತಿತ್ತು ಎಂದುಕೊಂಡೆ.

ಹನ್ನೊಂದು ದಿನ ಹನ್ನೆರಡೂ ಮೆಷಿನ್ನುಗಳು ಲೆಕ್ಕ ಮಾಡಿ ಮುಗಿಸಿದವು. ಮುಂದಿನ ವಾರದ ಶುಕ್ರವಾರ ಹೊರಗಿನಿಂದ ಪರೀಕ್ಷಕರೊಬ್ಬರು ಬಂದು ಪವಿತ್ರಾಳ ಕೆಲಸವನ್ನು ನೋಡುವುದಿತ್ತು. ಅವಳ ನೋಂದಣಿಯ ಅವಧಿ ಅದೇ ತಿಂಗಳು ಮುಗಿಯುತ್ತಿತ್ತು. ಆ ದಿನ ಚಿತ್ರ ತೋರಿಸಲಾಗದಿದ್ದರೆ ಮತ್ತೆ ಅರ್ಜಿ, ಮತ್ತೆ ಸಮಿತಿ, ನಾಲ್ಕು ವರ್ಷದ ಕೆಲಸ ಯಾವಾಗ ದಡ ಸೇರುತ್ತದೋ ಹೇಳುವಂತಿರಲಿಲ್ಲ. ಚಿತ್ರ ಬರೆಯಲು ಮೆಷಿನ್ನುಗಳಲ್ಲಿ ಇನ್ನಷ್ಟು ಜಾಗ ಬೇಕಿತ್ತು. “ಹಳೇ ಬ್ಯಾಚಿನ ಹುಡುಗರ ರಿಪೋರ್ಟ್‌ಗಳೆಲ್ಲ ಅಲ್ಲೇ ಬಿದ್ದಿವೆ. ತೆಗೆದು ಸ್ವಲ್ಪ ಚೊಕ್ಕಟ ಮಾಡಿಕೊಡಿ ಸರ್” ಎಂದರು ಪ್ರೊಫೆಸರ್. ಪವಿತ್ರಾ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ನನ್ನಂಥ ಮನುಷ್ಯನ ಕೈಯಲ್ಲಿರುವುದೇ ಕ್ಷೇಮ ಎಂದು ನಾನೇ ಹೇಳಿದ್ದೆ.

ಹುಡುಗರ ರಿಪೋರ್ಟುಗಳು ಹನ್ನೊಂದು ಗಂಟೆಗೆಲ್ಲ ಹೋದವು. ಅಷ್ಟಕ್ಕೇ ಕೈ ತೊಳೆದು ಕ್ಯಾಂಟೀನಿಗೆ ಹೋಗಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಚೊಕ್ಕಟ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಅರ್ಧಕ್ಕೆ ನಿಲ್ಲುವವನಲ್ಲ. ಪವಿತ್ರಾಳ ಲೆಕ್ಕದ ಫೋಲ್ಡರುಗಳನ್ನು ತೆರೆದು ನೋಡಿದೆ. ಪ್ರತಿ ಮೆಷಿನ್ನಿನಲ್ಲಿಯೂ ಮೂರು: ತನ್ನದು, ಎಡದ್ದು, ಬಲದ್ದು. ಸಾಲಿನ ಎರಡು ತುದಿಯ ಮೆಷಿನ್ನುಗಳಲ್ಲಿ ಮಾತ್ರ ಎರಡೆರಡು. ಎಡ ಬಲ ಎಂದರೆ ಏನೆಂದು ನೋಡಹೋದರೆ, ಮೂರನೆಯ ಮೆಷಿನ್ನಿನ ‘ಬಲ’ದಲ್ಲಿ ಇದ್ದದ್ದು ನಾಲ್ಕನೆಯ ಮೆಷಿನ್ನಿನ ಮೊದಲನೆಯ ಸಾಲು. ನಾಲ್ಕನೆಯದರ ‘ಎಡ’ದಲ್ಲಿ ಇದ್ದದ್ದು ಮೂರನೆಯದರ ಕೊನೆಯ ಸಾಲು. ಒಂದಂಕಿಯ ವ್ಯತ್ಯಾಸವೂ ಇಲ್ಲ. ಹನ್ನೆರಡು ನೌಕರರೂ ತಮ್ಮ ಕೆಲಸದ ಜೊತೆಗೆ ಅಕ್ಕಪಕ್ಕದವರ ಕಡತದಿಂದ ಒಂದೊಂದು ಹಾಳೆ ನಕಲು ಮಾಡಿ ಇಟ್ಟುಕೊಂಡಿದ್ದರು. ನನಗೆ ಎರಡು ಸ್ಪ್ಯಾನರಿನ ನೆನಪಾಯಿತು.

ಒಂದೊಂದನ್ನೂ ಮೂಲದೊಂದಿಗೆ ಹೋಲಿಸಿ, ಮೂಲ ಕ್ಷೇಮವಾಗಿದೆ ಎಂದು ಖಾತರಿ ಮಾಡಿಕೊಂಡು, ಇಪ್ಪತ್ತೆರಡು ನಕಲುಗಳನ್ನು ಅಳಿಸಿದೆ. ಯಾವ ಮೆಷಿನ್ನಿನಿಂದ ಏನು ತೆಗೆದೆ, ಅದರ ಮೂಲ ಎಲ್ಲಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಪ್ರತಿ ಸಾಲಿಗೂ ರುಜು ಹಾಕಿದೆ. ಅಂದು ಶುಕ್ರವಾರ. ಬಹಳ ದಿನದ ಮೇಲೆ ಒಂದು ಕೆಲಸ ಮಾಡಿದ ತೃಪ್ತಿಯಿಂದ ಮನೆಗೆ ಬಂದೆ. ಸರೋಜಾ, “ಏನು, ಮುಖ ಅರಳಿದೆ” ಎಂದು ಕೇಳಿದಳು. “ಜಾಗ ಖಾಲಿ ಮಾಡಿದೆ” ಎಂದೆ.

ಸೋಮವಾರ ಹೋದಾಗ ಪವಿತ್ರಾಳ ಹಿಂದೆ ಪ್ರೊಫೆಸರ್ ನಿಂತಿದ್ದರು. ಪರದೆಯ ಮೇಲೆ ನಾಲೆಯ ಚಿತ್ರ ಬಂದಿತ್ತು. ನೀಲಿ, ಹಸಿರು, ಕೆಂಪು ಬಣ್ಣದಲ್ಲಿ ಬಹಳ ಚೆನ್ನಾಗಿಯೇ ಇತ್ತು. ಹನ್ನೊಂದು ಕಡೆ ಕಪ್ಪು ಗೀಟು ಇದ್ದದ್ದೊಂದು ಬಿಟ್ಟರೆ. ನೀರು ಎತ್ತ ಹೋಗುತ್ತದೆ ಎಂದು ತೋರಿಸಲು ಅವಳು ಬಣ್ಣದ ಎಳೆಗಳನ್ನು ಬಿಟ್ಟಿದ್ದಳು, ನಮ್ಮ ಪರ್ಮಾಂಗನೇಟಿನ ಹಾಗೆಯೇ. ಒಂದೊಂದು ಎಳೆಯೂ ಕಪ್ಪು ಗೀಟಿನವರೆಗೆ ಬಂದು, ಅಲ್ಲಿ ಯಾರೋ ತಡೆದ ಹಾಗೆ ನಿಂತುಬಿಡುತ್ತಿತ್ತು.

“ನೀರು ಹೀಗೆ ಹರಿಯುವುದಿಲ್ಲವಲ್ಲ ಪವಿತ್ರಾ” ಎಂದರು ಪ್ರೊಫೆಸರ್.

“ಗೊತ್ತು ಸರ್. ನಮ್ಮ ಲೆಕ್ಕದಲ್ಲೇ ಎಲ್ಲೋ ತಪ್ಪಾಗಿದೆ ಅನ್ಸುತ್ತೆ.”

“ಮತ್ತೆ ಲೆಕ್ಕ ಮಾಡಿಸಬೇಕೆಂದರೆ ಹನ್ನೊಂದು ದಿನ. ಶುಕ್ರವಾರದ್ದನ್ನು ಮುಂದೂಡಿ ಎಂದು ಕಾಗದ ಬರೆಯಲೇ?”

“ಬುಧವಾರದವರೆಗೆ ನೋಡ್ತೀನಿ ಸರ್” ಎಂದಳು. ಡಬ್ಬಿಯಲ್ಲಿ ತಂದಿದ್ದ ಚಪಾತಿಯನ್ನು ಅವಳು ಆ ದಿನ ತೆರೆಯಲೇ ಇಲ್ಲ. ತಾನೇ ಬರೆದ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದುತ್ತಾ ಕೂತಿದ್ದಳು. ಹನ್ನೊಂದು ಗೀಟು ಎಂಬುದು ನನ್ನ ತಲೆಯಲ್ಲಿ ಎಲ್ಲೋ ಒಂದು ಕಡೆ ತಟ್ಟಿತು. ಆದರೆ ನಾನು ತೆಗೆದದ್ದು ನಕಲುಗಳನ್ನು. ಮೂಲವೆಲ್ಲ ಇದ್ದಲ್ಲೇ ಇದೆ. ನಕಲು ಹರಿದರೆ ಮೂಲಕ್ಕೆ ನೋವಾಗುವುದುಂಟೇ? ಸರಿಯಾಗಿ ಐದಕ್ಕೆ ಎದ್ದು ಮನೆಗೆ ಬಂದೆ.

ಮಂಗಳವಾರ ಆರು ಹತ್ತಕ್ಕೆ ಪೊರಕೆ ಹಿಡಿದು, ಗುಡಿಸಿ ಮುಗಿಸಿ ನಿಂತು ನೋಡಿದೆ. ನಮ್ಮ ಅಂಗಳ ಚೊಕ್ಕಟ. ಮಾದೇಗೌಡರ ಅಂಗಳವೂ ಚೊಕ್ಕಟ. ನಡುವೆ, ಗೋಡೆಯ ನೇರಕ್ಕೆ, ಹೊಂಗೆ ಎಲೆಯ ಒಂದು ಗೀಟು. ಪ್ರತಿದಿನ ಇರುತ್ತಿದ್ದದ್ದೇ, ಪೊರಕೆ ಎಷ್ಟು ನೇರವಾಗಿ ನಿಲ್ಲಿಸಿದರೂ ಎರಡು ಕಡೆಯಿಂದಲೂ ಒಂದಿಷ್ಟು ಉಳಿದುಬಿಡುತ್ತದೆ. ಅಂದು ಮಾತ್ರ ಅದು ಕಪ್ಪಾಗಿ ಕಂಡಿತು. ಸರೋಜಾ ರಂಗೋಲಿಯ ಡಬ್ಬ ಹಿಡಿದು ಬಂದಳು.

“ನೀನು ಗುಡಿಸುತ್ತಿದ್ದಾಗಲೂ ಇಲ್ಲಿ ಎಲೆ ನಿಲ್ಲುತ್ತಿತ್ತೇ?” ಎಂದು ಕೇಳಿದೆ.

“ಇಲ್ಲಪ್ಪ. ನಾನು ಅವರ ಕಡೆ ನಾಲ್ಕು ಸಲ ಹೆಚ್ಚಿಗೆ ಎಳೀತಿದ್ದೆ. ಅವರೂ ನಮ್ಮ ಕಡೆ ಎಳೀತಿದ್ರು.”

“ಒಂದೇ ಜಾಗವನ್ನು ಇಬ್ಬರು ಗುಡಿಸುವುದು ದಂಡ ಅಲ್ಲವೇ?”

“ದಂಡಾನೇ” ಎಂದಳು ಸರೋಜಾ, ಬಗ್ಗಿ ಚುಕ್ಕಿ ಇಡುತ್ತಾ. “ಎಲೆ ಇರ್ತಿರಲಿಲ್ಲ, ಅಷ್ಟೆ. ನೀವು ಗೋಡೆ ನೇರಕ್ಕೆ ನಿಲ್ಲಿಸೋಕೆ ಶುರು ಮಾಡಿದ್ರಿ. ‘ಮೇಷ್ಟ್ರಿಗೆ ನಾವು ಆ ಕಡಿಕ್ಕೆ ಬರೋದು ಇಷ್ಟ ಇಲ್ಲ ಕಣಮ್ಮ’ ಅಂದ್ಬುಟ್ಟು ಅವರೂ ನಿಲ್ಲಿಸಿದ್ರು. ಎರಡು ವರ್ಷ ಆಯ್ತು.”

ನಾನು ಒಳಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಹಾಲಿನ ಪ್ಯಾಕೆಟ್ಟು ಕತ್ತರಿಸುವ ಸದ್ದು ಬಂತು. ಆದರೆ ಹನ್ನೊಂದು ಹೆಜ್ಜೆಯ ಸದ್ದು ಬಂದಿರಲಿಲ್ಲ. ಹೊಲಿಗೆ ಮೆಷಿನ್ನಿನ ಡ್ರಾಯರು ಎಳೆದು ನೋಡಿದೆ. ಕತ್ತರಿ ಅಲ್ಲೇ ಇತ್ತು.

“ಸಾರಿನ ಪುಡಿ ಡಬ್ಬದ ಹಿಂದೆ ಇನ್ನೊಂದಿದೆ” ಎಂದಳು ಸರೋಜಾ, ನಾನು ಕೇಳುವ ಮೊದಲೇ. “ಹತ್ತೊಂಬತ್ತು ವರ್ಷದಿಂದ ಇದೆ. ಇಲ್ಲದಿದ್ರೆ ನಿಮಗೆ ಐದು ನಲವತ್ತಕ್ಕೆ ಕಾಫಿ ಹೇಗೆ ಸಿಗ್ತಿತ್ತು ಅಂದ್ಕೊಂಡ್ರಿ?”

ಇಪ್ಪತ್ತೆರಡು ನಕಲುಗಳು ಯಾಕಿದ್ದವು ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು ಎಂದರೆ ಸುಳ್ಳಾಗುತ್ತದೆ. ಅವು ಸುಮ್ಮನೆ ಇರಲಿಲ್ಲ ಎಂಬುದು ಮಾತ್ರ ತಿಳಿಯಿತು. ಕಾಲೇಜಿಗೆ ಹೋಗುವ ದಿನ ಬುಧವಾರ. ಅದನ್ನು ಮೀರಿ ಮಂಗಳವಾರವೇ ಹೊರಟಿದ್ದರೆ ಆ ಹುಡುಗಿಗೆ ಒಂದು ದಿನದ ಸಂಕಟ ತಪ್ಪುತ್ತಿತ್ತು. ನಾನು ಹೋಗಲಿಲ್ಲ. ದಿನ ತಪ್ಪಿಸುವುದು ನನ್ನ ಪದ್ಧತಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಹೆದರಿಕೆ. ಅಷ್ಟು ವರ್ಷದ ನೌಕರಿಯಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಇಂಕು ಬಿದ್ದಿರಲಿಲ್ಲ.

ಬುಧವಾರ ಬೆಳಿಗ್ಗೆ ರಿಜಿಸ್ಟರನ್ನು ಪವಿತ್ರಾಳ ಮುಂದೆ ತೆರೆದಿಟ್ಟೆ. “ಇದನ್ನೊಂದು ಸಲ ನೋಡಮ್ಮ” ಎಂದೆ. ಅವಳ ಕಣ್ಣು ಕೆಂಪಗಾಗಿತ್ತು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಓದುತ್ತಾ ಓದುತ್ತಾ ಅವಳ ಬೆರಳು ನಿಧಾನವಾಯಿತು. ಇಪ್ಪತ್ತೆರಡನೆಯ ರುಜುವಿನ ಮೇಲೆ ನಿಂತಿತು.

“ಸರ್, ನೀವು ಅಳಿಸಿದ್ರಾ?”

“ಹೌದು.”

“ನಾನು ಮೂರು ದಿನದಿಂದ ನನ್ನ ಪ್ರೋಗ್ರಾಮನ್ನ ಬೈಕೊಂಡು ಕೂತಿದೀನಿ ಸರ್.”

ಅವಳು ಕಿಟಕಿಯ ಕಡೆ ನೋಡಿದಳು, ಮತ್ತೆ ರಿಜಿಸ್ಟರು ನೋಡಿದಳು. ಆಮೇಲೆ, “ಇಷ್ಟು ನೀಟಾಗಿ ಹಾಳು ಮಾಡಿರೋದನ್ನ ನಾನು ಎಲ್ಲೂ ನೋಡಿಲ್ಲ ಸರ್” ಎಂದಳು. ನಗುತ್ತಿದ್ದಾಳೆಯೋ ಅಳುತ್ತಿದ್ದಾಳೆಯೋ ಹೇಳಲು ಬರುವಂತಿರಲಿಲ್ಲ.

ಅವಳು ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಬಣ್ಣದ ಎಳೆಯೊಂದು ತುಂಡಿನ ಅಂಚಿಗೆ ಬಂದಾಗ, ಮುಂದೆ ಎತ್ತ ತಿರುಗಬೇಕು ಎಂದು ಪಕ್ಕದ ತುಂಡಿನ ಮೊದಲ ಸಾಲನ್ನು ನೋಡಿ ತಿಳಿದುಕೊಳ್ಳಬೇಕು. ಆ ಸಾಲು ಕೈಗೆ ಸಿಗದಿದ್ದರೆ ಮೆಷಿನ್ನು ತಕರಾರು ಮಾಡುವುದಿಲ್ಲ. ಲೋಕ ಅಲ್ಲಿಗೇ ಮುಗಿಯಿತು ಎಂದುಕೊಂಡು ಸುಮ್ಮನಾಗುತ್ತದೆ. ಅದಕ್ಕೇ ಪ್ರತಿಯೊಂದು ಮೆಷಿನ್ನೂ ಪಕ್ಕದ ಮನೆಯ ಒಂದು ಸಾಲನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. “ಇದಕ್ಕೆ ದೆವ್ವದ ಸಾಲು ಅಂತ ಹೆಸರು ಸರ್. ಇದ್ದೂ ಇಲ್ಲದ್ದು” ಎಂದಳು. ಮಂತ್ರ ತಂತ್ರ ಏನೂ ತಿಳಿಯದೆ ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತೆರಡು ದೆವ್ವಗಳನ್ನು ನಾನು ಬಿಡಿಸಿದ್ದೆ.

“ನಮ್ಮಪ್ಪನೂ ಅದನ್ನೇ ಹೇಳ್ತಿರ್ತಾರೆ ಸರ್” ಎಂದಳು, ಕೀಲಿಗಳನ್ನು ಒತ್ತುತ್ತಾ. “ನೀರಗಂಟಿ ಆದೋನು ತನ್ನ ತೂಬು ನೋಡ್ಕೊಂಡ್ರೆ ಸಾಲ್ದು, ಪಕ್ಕದೂರ ಗದ್ದೆ ಬದುವಿನಗಂಟ ನಡೆದು ನೋಡ್ಬುಟ್ಟು ಬರ್ಬೇಕು. ಇಲ್ಲಾಂದ್ರೆ ನೀರು ಎಲ್ಲೋಯ್ತು ಅಂತ ಇಬ್ರಿಗೂ ಗೊತ್ತಾಗಲ್ಲ ಅಂತಾರೆ.”

ಕಳೆದುಹೋದದ್ದು ಪೂರ್ತಿ ಕಳೆದುಹೋಗಿರಲಿಲ್ಲ. ಮೂರನೆಯವನಿಗೆ ಬೇಕಾದ ಸಾಲಿನ ಮೂಲ ನಾಲ್ಕನೆಯವನ ಮನೆಯಲ್ಲಿ, ನಾಲ್ಕನೆಯವನಿಗೆ ಬೇಕಾದದ್ದು ಮೂರನೆಯವನ ಮನೆಯಲ್ಲಿ ಇತ್ತು; ಎರವಲು ಕೇಳಿ ತಂದರೆ ಆಯಿತು. ಆದರೆ ನಾನು ನಕಲು ಅಳಿಸಿ ಖಾಲಿ ಮಾಡಿದ್ದ ಜಾಗ ಎಷ್ಟಿತ್ತೋ ಅಷ್ಟನ್ನೂ ಆ ಸಣ್ಣ ವೈರಿನಲ್ಲಿ ಮತ್ತೆ ತುಂಬಿಸಬೇಕಾಗಿತ್ತು. ಬುಧವಾರ ಪೂರ್ತಿ, ಗುರುವಾರ ಸಂಜೆಯವರೆಗೆ ಹಿಡಿಯಿತು. ಗುರುವಾರ ನನ್ನ ದಿನವಲ್ಲ; ಆದರೂ ಹೋದೆ. ಒಂದೊಂದು ಫೋಲ್ಡರು ಬಂದಾಗಲೂ ಪವಿತ್ರಾ ನಂಬರು ಕೂಗುತ್ತಿದ್ದಳು, ನಾನು ರಿಜಿಸ್ಟರಿನಲ್ಲಿ ಸರಿ ಗುರುತು ಹಾಕುತ್ತಿದ್ದೆ. ಪ್ರೊಫೆಸರಿಗೆ ನಾನೇ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. “ನನ್ನ ಅಂಗಿಯ ಸೇಡು ತೀರಿತು ಬಿಡಿ ಸರ್” ಎಂದರು. ಹುಡುಗನಾಗಿದ್ದಾಗ ಅವರು ಹಾಳು ಮಾಡಿಕೊಂಡ ಅಂಗಿಗಾಗಿ ನಾನು ಅವರನ್ನು ಎರಡು ತಾಸು ಹೊರಗೆ ನಿಲ್ಲಿಸಿದ್ದು ನನಗೆ ಮರೆತೇಹೋಗಿತ್ತು.

ಶುಕ್ರವಾರ ಪರೀಕ್ಷಕರು ಬಂದರು. ಪರದೆಯ ಮೇಲೆ ನೀರು ಹರಿಯಿತು. ಕೆಂಪು ಎಳೆಯೊಂದು ಮೊದಲ ತುಂಡಿನಲ್ಲಿ ಹೊರಟು, ತೂಬಿನ ಕೆಳಗೆ ಬಾಗಿ, ಏಳನೆಯ ಮತ್ತು ಎಂಟನೆಯ ತುಂಡು ಸೇರುವ ಕಡೆ ಏರಿಗೆ ಒರಗಿ ದೊಡ್ಡದಾಗಿ ಮೂರು ಸುತ್ತು ತಿರುಗಿತು. ಪವಿತ್ರಾ ನಾಲ್ಕು ವರ್ಷದಿಂದ ಹುಡುಕುತ್ತಿದ್ದ, ಏರಿಯನ್ನು ಕೊರೆಯುವ ಸುಳಿ ಅದೇ. ಅದು ಅರ್ಧ ಒಬ್ಬನ ಸರಹದ್ದಿನಲ್ಲಿ, ಅರ್ಧ ಇನ್ನೊಬ್ಬನ ಸರಹದ್ದಿನಲ್ಲಿ ಕೂತಿತ್ತು. ನನ್ನ ಶಿಸ್ತು ಹಾಗೆಯೇ ಉಳಿದಿದ್ದರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

“ಯಾವ ಮೆಷಿನ್ನಿನ ಭಾಗ ಎಲ್ಲಿಗೆ ಮುಗಿಯುತ್ತದೆ, ತೋರಿಸಿ” ಎಂದರು ಪರೀಕ್ಷಕರು.

ಪವಿತ್ರಾ ಪರದೆಯ ಹತ್ತಿರ ಹೋಗಿ ನೋಡಿದಳು. “ಕಾಣಲ್ಲ ಸರ್” ಎಂದಳು.

“ಹಾಗಾದರೆ ಸರಿಯಾಗಿದೆ” ಎಂದು ಅವರು ಬರೆದುಕೊಂಡರು.

ಮರುದಿನದಿಂದ ನಾನು ಅಂಗಳ ಗುಡಿಸುವುದರಲ್ಲಿ ಸುಧಾರಣೆ ತಂದೆ. ಗೋಡೆಯ ನೇರವನ್ನು ದಾಟಿ ಮಾದೇಗೌಡರ ಕಡೆಗೆ ಒಂದೂವರೆ ಅಡಿ ಹೆಚ್ಚಿಗೆ ಗುಡಿಸಬೇಕೆಂದು ತೀರ್ಮಾನಿಸಿ, ದಿನವೂ ಅಳತೆ ಒಂದೇ ಇರಲಿ ಎಂದು ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದುಕೊಂಡೆ. ಮೂರನೆಯ ದಿನ ನೋಡಿದರೆ ಎಲೆಗಳು ಮತ್ತೆ ಸಾಲಾಗಿ ಬಿದ್ದಿದ್ದವು. ಈ ಸಲ ಹೊಸ ಗೀಟಿನ ಮೇಲೆ. ಅದರ ಆಚೆ ಮಾದೇಗೌಡರು ಪೊರಕೆ ಹಿಡಿದು ನಿಂತಿದ್ದರು.

“ಏನ್ ಮೇಷ್ಟ್ರೇ, ನಿಮ್ ಗಡಿ ಒಂದೂವರೆ ಅಡಿ ನಮ್ ಕಡಿಕ್ಕೆ ಬಂದ್ಬುಟ್ಟದಲ್ಲ. ಸರ್ವೆ ಮಾಡಿಸಿದ್ರಾ?”

“ಗಡಿ ಅಲ್ಲ ಗೌಡರೇ. ನಿಮ್ಮ ಕಡೆ ಸ್ವಲ್ಪ ಹೆಚ್ಚಿಗೆ ಗುಡಿಸೋಣ ಅಂತ.”

“ಅದಕ್ಯಾಕೆ ಗೀಟು? ಅಂಗೇ ಎಳದ್ರಾಯ್ತಪ್ಪ” ಎಂದು ಚಪ್ಪಲಿಯ ಕಾಲಿನಿಂದ ಗೀಟನ್ನು ಒರೆಸಿ, ಪೊರಕೆಯನ್ನು ನಮ್ಮ ಗೇಟಿನವರೆಗೂ ಎಳೆದುಕೊಂಡು ಬಂದರು. ಸರೋಜಾಳ ರಂಗೋಲಿಯ ಒಂದು ಮೂಲೆ ಹೋಯಿತು. ಅವಳು ಒಳಗೆ ಹೋಗಿ ಇಬ್ಬರಿಗೂ ಕಾಫಿ ತಂದಳು.

ಈಗ ಗೋಡೆಯ ಆಚೀಚೆಯ ಮೂರಡಿ ಜಾಗವನ್ನು ದಿನಕ್ಕೆ ಎರಡು ಸಲ ಗುಡಿಸಲಾಗುತ್ತಿದೆ. ನೋಡಿದಾಗಲೆಲ್ಲ ನನಗೆ ಮೈ ಸ್ವಲ್ಪ ಪರಚಿಕೊಳ್ಳುವ ಹಾಗಾಗುತ್ತದೆ, ತಡೆದುಕೊಳ್ಳುತ್ತೇನೆ. ಸಾರಿನ ಪುಡಿ ಡಬ್ಬದ ಹಿಂದಿರುವ ಕತ್ತರಿಯನ್ನು ಮನೆಯ ರಿಜಿಸ್ಟರಿಗೆ ಸೇರಿಸೋಣವೆಂದರೆ ಸರೋಜಾ ಒಪ್ಪುವುದಿಲ್ಲ. “ಬರೆದ್ರೆ ಒಂದಲ್ಲ ಒಂದು ದಿನ ನೀವು ಅದನ್ನ ಹುಡ್ಕೊಂಡು ಬರ್ತೀರಿ” ಎನ್ನುತ್ತಾಳೆ. ನಾನು ಬಲವಂತ ಮಾಡಿಲ್ಲ. ರಿಜಿಸ್ಟರಿನಲ್ಲಿ ಕತ್ತರಿಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ರುಜು ಹಾಕಿದ್ದೇನೆ.